23 ವ್ಯೂಸ್ ಅಂದ್ರೆ ಏನರ್ಥ? ಸಣ್ಣ ಯೂಟ್ಯೂಬ್ ಚಾನೆಲ್‌ಗಳ ಒಳಲೆಕ್ಕ

ಹೋದ ಮಳೆಗಾಲದ ಒಂದು ಸಂಜೆ ಪಕ್ಕದ ಮನೆಯ ಅಕ್ಕ ಫೋನ್ ಹಿಡಿದುಕೊಂಡು ನಮ್ಮ ಕಟ್ಟೆಗೆ ಬಂದು ಕೂತರು. "ತಮ್ಮಾ, ಇದನ್ನ ಡಿಲೀಟ್ ಮಾಡಿಕೊಡು" ಅಂದರು. ನೋಡಿದರೆ ಅವರ ಅಡುಗೆ ಚಾನೆಲ್! ಕಾಲೇಜಿಗೆ ಹೋಗುವ ಮಗಳು ಶುರು ಮಾಡಿಕೊಟ್ಟದ್ದು. ಹದಿನಾಲ್ಕು ತಿಂಗಳಲ್ಲಿ 61 ವಿಡಿಯೋ ಹಾಕಿದ್ದರು. ಕೊನೆಯದು ಗುರೆಳ್ಳು ಚಟ್ನಿಪುಡಿ. 23 ವ್ಯೂಸ್.

ಅವರು ವಿಡಿಯೋ ಮಾಡುವುದನ್ನು ನಾನು ನೋಡಿದ್ದೇನೆ. ಸ್ಟ್ಯಾಂಡ್ ಇಲ್ಲ. ಸ್ಟೀಲ್ ಡಬ್ಬಿಗೆ ಅಕ್ಕಿ ತುಂಬಿ, ಅಲ್ಲಾಡದ ಹಾಗೆ ಮಾಡಿ, ಅದಕ್ಕೆ ರಬ್ಬರ್ ಬ್ಯಾಂಡಿನಲ್ಲಿ ಫೋನ್ ಕಟ್ಟುತ್ತಾರೆ. ಅಡುಗೆಮನೆಗೆ ಇರುವುದು ಒಂದೇ ಕಿಟಕಿ, ಅದರಲ್ಲಿ ಬೆಳಕು ಚೆನ್ನಾಗಿ ಬೀಳುವುದು ಹತ್ತು ಗಂಟೆಯಿಂದ ಹನ್ನೊಂದೂವರೆವರೆಗೆ ಮಾತ್ರ. ಅಷ್ಟರೊಳಗೆ ಹುರಿಯಬೇಕು, ಕುಟ್ಟಬೇಕು, ಮಾತೂ ಆಡಬೇಕು. ರಸ್ತೆಯಲ್ಲಿ ಆಟೋ ಹಾರ್ನ್ ಹೊಡೆದರೆ ಮತ್ತೆ ಮೊದಲಿಂದ.

ನಾನು ಡಿಲೀಟ್ ಮಾಡಲಿಲ್ಲ. ಆದರೆ ಆಮೇಲೆ ಅವರು ಕೇಳಿದ ಮಾತು ನನ್ನನ್ನು ಬಿಡಲಿಲ್ಲ: "ನನ್ನ ಕೈರುಚಿ ಅಷ್ಟು ಕೆಟ್ಟದಾಗಿದೆಯಾ?"

ದಾವಣಗೆರೆಯಲ್ಲಿ ಈಗ ಇಂಥವರು ಬಹಳ ಜನ ಇದ್ದಾರೆ. ಚಿತ್ರದುರ್ಗದ ಕೋಟೆ ತೋರಿಸುವ ಹುಡುಗರು, ಮೆಕ್ಕೆಜೋಳದ ಬೆಳೆ ತೋರಿಸುವ ರೈತರು, ಪಿಯುಸಿ ಲೆಕ್ಕ ಹೇಳಿಕೊಡುವ ಮೇಷ್ಟ್ರು, ಜಾತ್ರೆ ಚಿತ್ರೀಕರಿಸುವವರು. ಎಲ್ಲರಿಗೂ ಇರುವುದು ಇದೇ ಪ್ರಶ್ನೆ. ಹಾಗಾಗಿ ಬುಡದಿಂದಲೇ ನೋಡೋಣ: ಈ ವ್ಯೂಸ್ ಅನ್ನುವ ಸಂಖ್ಯೆ ಎಲ್ಲಿಂದ ಹುಟ್ಟುತ್ತದೆ, ಮತ್ತು ಅದು ಮಾಡುವವರ ಮನಸ್ಸಿಗೆ ಏನು ಮಾಡುತ್ತದೆ.

ಈ ಸಂತೆ ಎಷ್ಟು ದೊಡ್ಡದು?

ಯೂಟ್ಯೂಬ್ ಶುರುವಾದದ್ದು 2005ರಲ್ಲಿ. ಆ ವರ್ಷ ಏಪ್ರಿಲ್ 23ಕ್ಕೆ ಮೊದಲ ವಿಡಿಯೋ ಬಂತು. ಬರೀ 19 ಸೆಕೆಂಡಿನದು, ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಒಬ್ಬ ಯುವಕ ಮಾತಾಡಿದ್ದು. ಮಾರನೇ ವರ್ಷವೇ ಗೂಗಲ್ ಅದನ್ನು ಕೊಂಡುಕೊಂಡಿತು. ನಮ್ಮ ಕಡೆ ಇದು ಮನೆಮನೆಗೆ ಬಂದದ್ದು 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸ್ ಅನ್ನು ಮೊದಲು ಭಾರತದಲ್ಲೇ ಪ್ರಯೋಗಕ್ಕೆ ಬಿಟ್ಟಿತು. ನೋಡುತ್ತಿದ್ದವರು ಮಾಡುವವರೂ ಆದರು.

ಪ್ರಪಂಚದಲ್ಲೆಲ್ಲ ಸೇರಿ ಒಂದು ನಿಮಿಷಕ್ಕೆ 500 ಗಂಟೆಗೂ ಜಾಸ್ತಿ ವಿಡಿಯೋ ಯೂಟ್ಯೂಬಿಗೆ ಏರುತ್ತದೆ. ಇದು ಆ ಕಂಪನಿಯೇ ಹೇಳುವ ಲೆಕ್ಕ. ಕೇಳಿದಾಗ ಸುಮ್ನೆ ಒಂದು ದೊಡ್ಡ ಸಂಖ್ಯೆ ಅನಿಸುತ್ತದೆ, ಅಲ್ವಾ? ಕೂಡಿಸಿ ನೋಡಿ. ಒಂದು ದಿನಕ್ಕೆ 7 ಲಕ್ಷದ 20 ಸಾವಿರ ಗಂಟೆ. ಇವತ್ತು ಒಂದು ದಿನ ಬಂದ ವಿಡಿಯೋಗಳನ್ನಷ್ಟೇ ಒಬ್ಬರು ಹಗಲು ರಾತ್ರಿ ಕಣ್ಣು ಮುಚ್ಚದೆ ನೋಡಿದರೂ 82 ವರ್ಷ ಬೇಕು. ಅಕ್ಕನ ಒಂಬತ್ತು ನಿಮಿಷದ ಚಟ್ನಿಪುಡಿ ಹೋಗಿ ಬಿದ್ದದ್ದು ಇದರೊಳಗೆ.

ಇಷ್ಟರಲ್ಲಿ ಯಾರಿಗೆ ಯಾವುದನ್ನು ತೋರಿಸಬೇಕು? ಮನುಷ್ಯರು ಕೂತು ಆರಿಸಲು ಆಗುವುದಿಲ್ಲ. ಅದಕ್ಕೇ ಯಂತ್ರ ಆರಿಸುತ್ತದೆ.

ಅಲ್ಗಾರಿದಮ್ ಅಂದ್ರೆ ಎರಡು ಜರಡಿ

ಅಲ್ಗಾರಿದಮ್ ಅನ್ನುವ ಪದ ಕೇಳಿ ಹೆದರಬೇಕಿಲ್ಲ. ಒಂದು ಕೆಲಸ ಮಾಡಲು ಹಂತ ಹಂತವಾಗಿ ಬರೆದಿಟ್ಟ ವಿಧಾನ, ಅಷ್ಟೇ. ಯೂಟ್ಯೂಬಿನ ವಿಧಾನ ಹೇಗಿದೆ ಅಂತ ಗೂಗಲ್ ಎಂಜಿನಿಯರುಗಳೇ 2016ರಲ್ಲಿ ಒಂದು ಪ್ರಬಂಧ ಬರೆದಿದ್ದರು. ಆಮೇಲೆ ಬಹಳ ಬದಲಾವಣೆ ಆಗಿರುತ್ತದೆ, ಆದರೆ ಅದರ ಮೂಲ ವಿಚಾರ ಅರ್ಥ ಮಾಡಿಕೊಳ್ಳಲು ಸುಲಭ. ಅಲ್ಲಿ ಎರಡು ಜರಡಿ ಇವೆ. ಮೊದಲನೆಯದು ದೊಡ್ಡ ಕಣ್ಣಿನ ಜರಡಿ. ನೀವು ಹಿಂದೆ ಏನು ನೋಡಿದ್ದೀರಿ, ಏನು ಹುಡುಕಿದ್ದೀರಿ ಅನ್ನುವುದರ ಮೇಲೆ ಲಕ್ಷಾಂತರ ವಿಡಿಯೋಗಳಲ್ಲಿ ಕೆಲವು ನೂರನ್ನು ಉಳಿಸಿಕೊಳ್ಳುತ್ತದೆ. ಎರಡನೆಯದು ಸಣ್ಣ ಕಣ್ಣಿನದು. ಆ ಕೆಲವು ನೂರಕ್ಕೆ ಒಂದೊಂದಕ್ಕೂ ಅಂಕ ಹಾಕಿ, ಮೇಲಿನ ಕೆಲವನ್ನು ಮಾತ್ರ ನಿಮ್ಮ ಪರದೆಗೆ ತರುತ್ತದೆ.

ಇಲ್ಲಿ ಒಂದು ಮುಖ್ಯ ಸಂಗತಿ ಇದೆ, ಹೆಚ್ಚಿನವರು ತಪ್ಪು ತಿಳಿಯುವುದು ಇಲ್ಲೇ. ಈ ಯಂತ್ರ "ವಿಡಿಯೋ ಚೆನ್ನಾಗಿದೆಯಾ" ಅಂತ ಕೇಳುವುದಿಲ್ಲ. "ಈ ಮನುಷ್ಯ, ಈ ಹೊತ್ತಿಗೆ, ಇದನ್ನು ಒತ್ತಿ ನೋಡುತ್ತಾನಾ" ಅಂತ ಊಹೆ ಮಾಡುತ್ತದೆ. ಅದು ನೋಡುಗನ ಬಗ್ಗೆ ಮಾಡುವ ಊಹೆ. ಚಟ್ನಿಪುಡಿಯನ್ನು ಅದು ನಾಲಿಗೆಗೆ ಹಾಕಿಕೊಂಡೇ ಇಲ್ಲ.

ಊಹೆ ಮಾಡಲು ಅದಕ್ಕೆ ಹಳೆಯ ಲೆಕ್ಕ ಬೇಕು. ನಮ್ಮ ಎಪಿಎಂಸಿ ನೆನಪು ಮಾಡಿಕೊಳ್ಳಿ. ಸುಗ್ಗಿಯಲ್ಲಿ ಮೆಕ್ಕೆಜೋಳದ ಮೂಟೆಗಳು ಸಾಲಾಗಿ ಬಿದ್ದಿರುತ್ತವೆ. ಕೊಳ್ಳುವವರು ಎಲ್ಲ ಮೂಟೆ ಸುರಿದು ನೋಡುವುದಿಲ್ಲ. ಒಂದು ಹಿಡಿ ತೆಗೆದು, ಅಂಗೈ ಮೇಲೆ ಹರಡಿ, ಒಂದು ಕಾಳನ್ನು ಹಲ್ಲಲ್ಲಿ ಕಡಿದು ನೋಡಿ ಮುಂದಿನ ಮಾತಾಡುತ್ತಾರೆ. ಹೊಸ ವಿಡಿಯೋಗೂ ಹೆಚ್ಚುಕಡಿಮೆ ಹೀಗೇ ಆಗುತ್ತದೆ. ಮೊದಲು ಸ್ವಲ್ಪ ಜನರಿಗೆ ಕಾಣಿಸುತ್ತದೆ. ಅವರು ಒತ್ತಿದರಾ, ಎಷ್ಟು ಹೊತ್ತು ನೋಡಿದರು, ಲೈಕ್ ಮಾಡಿದರಾ, ಬೇರೆಯವರಿಗೆ ಕಳಿಸಿದರಾ ಅನ್ನುವುದರ ಮೇಲೆ ಮುಂದಿನ ಊಹೆ. ಹಳೆಯ ಚಾನೆಲ್ ಆದರೆ ಯಾವ ತರದ ಜನ ನೋಡುತ್ತಾರೆ ಅನ್ನುವ ಲೆಕ್ಕ ಆಗಲೇ ಇರುತ್ತದೆ, ವರ್ಷಾನುಗಟ್ಟಲೆ ಅದೇ ಮಂಡಿಗೆ ಬರುವ ರೈತನ ಹಾಗೆ. ಹೊಸಬರ ಬಗ್ಗೆ ಯಂತ್ರಕ್ಕೆ ಏನೂ ಗೊತ್ತಿಲ್ಲ. ತಪ್ಪು ಜನರ ಕೈಗೆ ಆ ಮೊದಲ ಹಿಡಿ ಹೋಗುವ ಸಾಧ್ಯತೆಯೂ ಇದೆ. ಚಟ್ನಿಪುಡಿ ಬೇಡದ ಹತ್ತು ಜನರಿಗೆ ತೋರಿಸಿದರೆ ಹತ್ತೂ ಜನ ದಾಟಿ ಹೋಗುತ್ತಾರೆ, ಅದರಲ್ಲಿ ಚಟ್ನಿಪುಡಿಯ ತಪ್ಪೇನೂ ಇಲ್ಲ.

ಮೂರು ಸಂಖ್ಯೆ ಓದಲು ಕಲಿಯಿರಿ

ಚಾನೆಲ್ ಇರುವವರಿಗೆ ಯೂಟ್ಯೂಬ್ ಸ್ಟುಡಿಯೋ ಅನ್ನುವ ಇನ್ನೊಂದು ಆ್ಯಪ್ ಸಿಗುತ್ತದೆ. ಅದರಲ್ಲಿ ಹತ್ತಾರು ಸಂಖ್ಯೆ ಇರುತ್ತವೆ. ಮೂರು ಸಾಕು.

ಬೆಣ್ಣೆದೋಸೆ ಹೋಟೆಲ್ ಮುಂದೆ ಜನ ಓಡಾಡುತ್ತಾರೆ ಅಂದುಕೊಳ್ಳಿ. ದಾರಿಯಲ್ಲಿ ಹೋಗುವಾಗ ಬೋರ್ಡ್ ಕಣ್ಣಿಗೆ ಬಿದ್ದರೆ ಅದು ಇಂಪ್ರೆಷನ್. ವಿಡಿಯೋದ ಮುಖಚಿತ್ರ, ಅಂದರೆ ಥಂಬ್‌ನೇಲ್, ಅರ್ಧಕ್ಕಿಂತ ಕಡಿಮೆ ಇಲ್ಲದಂತೆ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಪರದೆ ಮೇಲೆ ಕಂಡರೆ ಒಂದು ಇಂಪ್ರೆಷನ್ ಅಂತ ಎಣಿಸುತ್ತಾರೆ. ಬೋರ್ಡ್ ನೋಡಿದವರಲ್ಲಿ ನೂರಕ್ಕೆ ಎಷ್ಟು ಜನ ಒಳಗೆ ಬಂದರು ಅನ್ನುವುದು ಕ್ಲಿಕ್ ಪ್ರಮಾಣ. ಬಂದವರು ಒಂದು ತುತ್ತು ತಿಂದು ಎದ್ದರಾ, ಇಲ್ಲ ಕೂತು ಪೂರ್ತಿ ತಿಂದರಾ ಅನ್ನುವುದು ವಾಚ್‌ಟೈಮ್, ನೋಡಿದ ಹೊತ್ತು. 2012ರವರೆಗೆ ಯೂಟ್ಯೂಬ್ ಎಷ್ಟು ಜನ ಒಳಗೆ ಬಂದರು ಅನ್ನುವುದಕ್ಕೇ ಬೆಲೆ ಕೊಡುತ್ತಿತ್ತು. ಆಸೆ ಹುಟ್ಟಿಸುವ ಮುಖಚಿತ್ರ ಹಾಕಿ ಒಳಗೆ ಏನೂ ಇಲ್ಲದ ವಿಡಿಯೋಗಳು ಜಾಸ್ತಿಯಾದವು. ಅದಕ್ಕೇ ಆ ವರ್ಷ ನೋಡಿದ ಹೊತ್ತಿನ ಕಡೆ ತಿರುಗಿದರು.

ಅಕ್ಕನ ಫೋನಿನಲ್ಲಿ ಇದನ್ನೆಲ್ಲ ತೆಗೆದು ನೋಡಿದೆವು. ಗುರೆಳ್ಳು ಚಟ್ನಿಪುಡಿಗೆ 410 ಇಂಪ್ರೆಷನ್. ಕ್ಲಿಕ್ ಪ್ರಮಾಣ ನೂರಕ್ಕೆ 4ರ ಮೇಲೆ ಸ್ವಲ್ಪ. ಅಂದರೆ ಬೋರ್ಡ್ ನೋಡಿ ಬಂದವರು 17 ಜನ, ಉಳಿದ ಆರು ಅವರೇ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಲಿಂಕ್ ಒತ್ತಿದ ನೆಂಟರದು. ಯೂಟ್ಯೂಬ್ ಹೇಳುವ ಪ್ರಕಾರ ಅರ್ಧದಷ್ಟು ಚಾನೆಲ್‌ಗಳ ಮತ್ತು ವಿಡಿಯೋಗಳ ಕ್ಲಿಕ್ ಪ್ರಮಾಣ ನೂರಕ್ಕೆ 2ರಿಂದ 10ರ ಒಳಗೇ ಇರುತ್ತದೆ. ಅಕ್ಕನದೂ ಅದರೊಳಗೇ ಇದೆ. ನೋಡಿದವರು ತಿರಸ್ಕರಿಸಿದರು ಅನ್ನುವ ಮಾತೇ ಇಲ್ಲಿಲ್ಲ. ಬೋರ್ಡ್ ಕಂಡದ್ದೇ ಒಟ್ಟು 410 ಸಲ!

ಆದರೆ ಮೂರನೇ ಸಂಖ್ಯೆ ಅಷ್ಟು ಚೆನ್ನಾಗಿರಲಿಲ್ಲ, ಅದನ್ನೂ ಹೇಳಲೇಬೇಕು. ಒಂಬತ್ತು ನಿಮಿಷದ ವಿಡಿಯೋವನ್ನು ಜನ ಸರಾಸರಿ 48 ಸೆಕೆಂಡ್ ನೋಡಿದ್ದರು. ಯಾಕೆ ಅಂತ ವಿಡಿಯೋ ಹಾಕಿ ನೋಡಿದೆವು. ಮೊದಲ ಒಂದು ಮುಕ್ಕಾಲು ನಿಮಿಷ ನಮಸ್ಕಾರ, ಚಾನೆಲ್ ಹೆಸರು, ಸಬ್‌ಸ್ಕ್ರೈಬ್ ಮಾಡಿ ಅನ್ನುವ ಕೋರಿಕೆ, ಹವಾಮಾನದ ಮಾತು. ಗುರೆಳ್ಳು ಬಾಣಲೆಗೆ ಬೀಳುವ ಹೊತ್ತಿಗೆ ಬಂದವರು ಎದ್ದು ಹೋಗಿದ್ದರು. ಮನೆಗೆ ಬಂದವರನ್ನು ಮಾತಾಡಿಸಿ ಆಮೇಲೆ ಎಲೆ ಹಾಕುವುದು ನಮ್ಮ ಪದ್ಧತಿ. ಫೋನಿನಲ್ಲಿ ಬಂದವರಿಗೆ ಅಷ್ಟು ಹೊತ್ತು ಇರುವುದಿಲ್ಲ.

ಜನ ಇದ್ದ ಕಡೆಗೇ ಜನ ಯಾಕೆ ಹೋಗುತ್ತಾರೆ?

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ "ಮಾಡಿದಷ್ಟು ನೀಡು ಭಿಕ್ಷೆ" ಅನ್ನುವ ಮಾತು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಎಷ್ಟು ದುಡಿದೆಯೋ ಅಷ್ಟು ಪಡೆ. ದುಡಿಮೆಗೆ ತಕ್ಕ ಫಲ ಅನ್ನುವುದು ನಮ್ಮ ಮನಸ್ಸಿನಲ್ಲಿ ಅಷ್ಟು ಆಳವಾಗಿ ಇಳಿದಿರುವುದರಿಂದಲೇ, ಫಲ ಬಾರದಾಗ ದುಡಿಮೆಯೇ ಸರಿ ಇಲ್ಲ ಅನ್ನಿಸಿಬಿಡುತ್ತದೆ. ಆದರೆ ಎಲ್ಲರೂ ಎಲ್ಲರ ಎಣಿಕೆಯನ್ನು ನೋಡುತ್ತಿರುವ ಕಡೆ ಲೆಕ್ಕ ಹಾಗೆ ನಡೆಯುವುದಿಲ್ಲ. ಇದನ್ನು ಪ್ರಯೋಗ ಮಾಡಿಯೇ ತೋರಿಸಿದ್ದಾರೆ.

2006ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಅದು. ಮಾಡಿದವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಮೂವರು: ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್. ಯಾರೂ ಕೇಳದ ತಂಡಗಳ 48 ಹಾಡುಗಳನ್ನು ಒಂದು ವೆಬ್‌ಸೈಟಿನಲ್ಲಿ ಇಟ್ಟರು. ಸುಮಾರು 14 ಸಾವಿರ ಜನ ಬಂದರು. ಬಂದವರನ್ನು ಅವರಿಗೆ ಗೊತ್ತಾಗದ ಹಾಗೆ ಬೇರೆ ಬೇರೆ ಕೋಣೆಗಳಿಗೆ ಕಳಿಸಿದಂತೆ ಹಂಚಿದರು. ಒಂದು ಗುಂಪಿಗೆ ಬರೀ ಹಾಡುಗಳು, ಯಾರು ಯಾವುದನ್ನು ಇಳಿಸಿಕೊಂಡರು ಅನ್ನುವ ಸುಳಿವೇ ಇಲ್ಲ. ಉಳಿದವರನ್ನು ಎಂಟು ಗುಂಪು ಮಾಡಿ, ಪ್ರತಿ ಹಾಡಿನ ಪಕ್ಕ ಅದೇ ಗುಂಪಿನವರು ಎಷ್ಟು ಸಲ ಇಳಿಸಿಕೊಂಡಿದ್ದಾರೆ ಅಂತ ಸಂಖ್ಯೆ ತೋರಿಸಿದರು.

ಹಾಡುಗಳು ಅವೇ. ಎಲ್ಲರದೂ ಸೊನ್ನೆಯಿಂದ ಶುರು. ಆದರೂ ಎಂಟು ಗುಂಪಿನಲ್ಲಿ ಎಂಟು ತರದ ಫಲಿತಾಂಶ ಬಂತು. ಒಂದು ಹಾಡು ಒಂದು ಗುಂಪಿನಲ್ಲಿ ಮೊದಲನೇ ಸ್ಥಾನ, ಇನ್ನೊಂದು ಗುಂಪಿನಲ್ಲಿ ನಲವತ್ತನೇ ಸ್ಥಾನ! ಶುರುವಿನಲ್ಲಿ ನಾಲ್ಕು ಜನ ಯಾವುದನ್ನು ಒತ್ತಿದರೋ ಅದರ ಸಂಖ್ಯೆ ಸ್ವಲ್ಪ ಮೇಲೆ ಹೋಯಿತು, ಮೇಲಿದ್ದದ್ದನ್ನು ನೋಡಿ ಇನ್ನೂ ನಾಲ್ಕು ಜನ ಒತ್ತಿದರು, ಹಾಗೇ ಬೆಳೆಯಿತು. ಎರಡು ದೋಸೆ ಹೋಟೆಲ್ ಅಕ್ಕಪಕ್ಕ ಇದ್ದು ಒಂದರ ಮುಂದೆ ಮಾತ್ರ ಜನ ನಿಂತಿದ್ದರೆ ಹೊರಊರಿನಿಂದ ಬಂದವರು ಎಲ್ಲಿಗೆ ಹೋಗುತ್ತಾರೆ ಅಂತ ನಮಗೆ ಗೊತ್ತೇ ಇದೆ.

ಗುಣಕ್ಕೆ ಬೆಲೆಯೇ ಇಲ್ಲ ಅಂತ ಈ ಪ್ರಯೋಗ ಹೇಳಲಿಲ್ಲ. ಸುಳಿವಿಲ್ಲದ ಗುಂಪು ತುಂಬಾ ಮೆಚ್ಚಿದ ಹಾಡುಗಳು ಎಲ್ಲೂ ತೀರಾ ಕೆಳಗೆ ಬೀಳಲಿಲ್ಲ, ತೀರಾ ಸಪ್ಪೆಯಾದವು ಮೇಲೇರಿದ್ದು ಅಪರೂಪ. ಆದರೆ ನಡುವಿನ ದೊಡ್ಡ ಗುಂಪಿಗೆ ಏನು ಬೇಕಾದರೂ ಆಗಬಹುದಿತ್ತು. ನಮ್ಮಲ್ಲಿ ಹೆಚ್ಚಿನವರು ಇರುವುದು ಆ ನಡುವಿನಲ್ಲಿ.

ಸಣ್ಣ ಚಾನೆಲ್‌ಗಳಿಗೆ ಈ ಕಷ್ಟ ಇರುವುದು ಯೂಟ್ಯೂಬಿಗೂ ಗೊತ್ತಿದೆ. 2025ರಲ್ಲಿ ಭಾರತದಲ್ಲೂ ಹೈಪ್ ಅನ್ನುವ ಒಂದು ಸೌಲಭ್ಯ ತಂದರು. 500ರಿಂದ 5 ಲಕ್ಷದವರೆಗೆ ಸಬ್‌ಸ್ಕ್ರೈಬರ್ ಇರುವ ಚಾನೆಲ್‌ಗಳ ಹೊಸ ವಿಡಿಯೋಗೆ ನೋಡುಗರು ಹೈಪ್ ಕೊಡಬಹುದು. ಚಾನೆಲ್ ಸಣ್ಣದಾದಷ್ಟೂ ಹೆಚ್ಚು ಅಂಕ ಸೇರುತ್ತದೆ. ಅಕ್ಕನ ಹಾಗೆ 212 ಸಬ್‌ಸ್ಕ್ರೈಬರ್ ಇರುವವರಿಗೆ ಅದೂ ಇನ್ನೂ ದೂರ.

ಪುರಿ, ಚುರುಮುರಿ, ಮಂಡಕ್ಕಿ

ಕನ್ನಡದಲ್ಲಿ ವಿಡಿಯೋ ಮಾಡುವವರಿಗೆ ಇನ್ನೊಂದು ಲೆಕ್ಕ ಇದೆ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಅಂತ ಬರೆಸಿದವರು 4 ಕೋಟಿ 37 ಲಕ್ಷ. ಹಿಂದಿ ಅಂತ ಬರೆಸಿದವರು ಸುಮಾರು 52 ಕೋಟಿ 80 ಲಕ್ಷ, ಅಂದರೆ ನಮ್ಮ ಹನ್ನೆರಡು ಪಟ್ಟು. ಅದೇ ಚಟ್ನಿಪುಡಿಯನ್ನು ಹಿಂದಿಯಲ್ಲಿ ಹೇಳಿದರೆ ಕೇಳಬಹುದಾದ ಜನ ಅಷ್ಟು ಜಾಸ್ತಿ. ಆದರೆ ಹಿಂದಿಯಲ್ಲಿ ಚಟ್ನಿಪುಡಿ ಮಾಡುವವರೂ ಅಷ್ಟೇ ಜಾಸ್ತಿ ಇರುತ್ತಾರೆ. ಹಾಗಾಗಿ ಇದನ್ನು ಬರೀ ನಷ್ಟ ಅಂತ ನೋಡಬೇಕಿಲ್ಲ.

ಯಾರೂ ಅಷ್ಟಾಗಿ ಗಮನಿಸದ ಕಷ್ಟ ಇನ್ನೊಂದಿದೆ, ಅದು ಕನ್ನಡದ ಒಳಗೇ ಇದೆ. ನಾವು ಗುರೆಳ್ಳು ಅನ್ನುತ್ತೇವೆ. ಮೈಸೂರು, ಹಾಸನದ ಕಡೆ ಅದು ಹುಚ್ಚೆಳ್ಳು. ನಾವು ಮಂಡಕ್ಕಿ ಅಂದರೆ ಬೆಂಗಳೂರಿನಲ್ಲಿ ಪುರಿ, ಹುಬ್ಬಳ್ಳಿ ಕಡೆ ಚುರುಮುರಿ. ಹುಡುಕುವವರು ತಮ್ಮ ಮನೆಯ ಮಾತಿನಲ್ಲೇ ಹುಡುಕುತ್ತಾರೆ. ಹುಚ್ಚೆಳ್ಳು ಚಟ್ನಿಪುಡಿ ಮಾಡುವುದು ಹೇಗೆ ಅಂತ ಮೈಸೂರಿನ ಹೆಣ್ಣುಮಗಳೊಬ್ಬಳು ಹುಡುಕಿದರೆ ಅಕ್ಕನ ವಿಡಿಯೋ ಅವಳಿಗೆ ಹೇಗೆ ಸಿಗಬೇಕು? ಅದರ ಹೆಸರಿನಲ್ಲಿ, ವಿವರಣೆಯಲ್ಲಿ, ಮಾತಿನಲ್ಲಿ ಎಲ್ಲೂ ಆ ಪದ ಇಲ್ಲ. ಇಬ್ಬರಿಗೂ ಬೇಕಾದದ್ದು ಒಂದೇ ಪುಡಿ, ಆದರೆ ಭೇಟಿ ಆಗುವುದಿಲ್ಲ. ಇನ್ನು ಬಹಳ ಜನ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಹುಡುಕುತ್ತಾರೆ, ಕೆಲವರು ಮೈಕ್ ಒತ್ತಿ ಬಾಯಲ್ಲೇ ಹೇಳುತ್ತಾರೆ. ವಿಡಿಯೋದ ಹೆಸರಿನಲ್ಲಿ ಎರಡು ಸೀಮೆಯ ಪದ ಇಟ್ಟು, ಕೆಳಗಿನ ವಿವರಣೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲೂ ಬರೆದರೆ ಒಂದು ಪೈಸೆ ಖರ್ಚಿಲ್ಲ.

ದುಡ್ಡಿನ ಬಾಗಿಲು ಎಷ್ಟು ಎತ್ತರ?

ಜಾಹೀರಾತಿನ ಹಣದಲ್ಲಿ ಪಾಲು ಸಿಗಬೇಕಾದರೆ ಯೂಟ್ಯೂಬಿನ ಪಾಲುದಾರರಾಗಬೇಕು. ಮೊದಲು ಇದು ಸುಲಭವಿತ್ತು. 2018ರಲ್ಲಿ ನಿಯಮ ಬಿಗಿಯಾಯಿತು: 1,000 ಸಬ್‌ಸ್ಕ್ರೈಬರ್, ಮತ್ತು ಹಿಂದಿನ 12 ತಿಂಗಳಲ್ಲಿ 4,000 ಗಂಟೆ ವಾಚ್‌ಟೈಮ್. 2023ರಿಂದ ಆ ಗಂಟೆಗಳ ಬದಲಿಗೆ 90 ದಿನದಲ್ಲಿ 1 ಕೋಟಿ ಶಾರ್ಟ್ಸ್ ವ್ಯೂಸ್ ಆದರೂ ಸರಿ. 2023ರಲ್ಲಿ ಇದಕ್ಕಿಂತ ಕೆಳಗೆ ಇನ್ನೊಂದು ಮೆಟ್ಟಿಲು ಹಾಕಿದರು. 500 ಸಬ್‌ಸ್ಕ್ರೈಬರ್, 90 ದಿನದಲ್ಲಿ ಮೂರು ವಿಡಿಯೋ, 3,000 ಗಂಟೆ ಅಥವಾ 30 ಲಕ್ಷ ಶಾರ್ಟ್ಸ್ ವ್ಯೂಸ್ ಇದ್ದರೆ ನೋಡುಗರಿಂದ ನೇರವಾಗಿ ಹಣ ಪಡೆಯುವ ಸೌಲಭ್ಯಗಳು ಸಿಗುತ್ತವೆ. ಜಾಹೀರಾತಿನ ಪಾಲಿಗೆ ಮಾತ್ರ ಹಳೆಯ ಎತ್ತರವೇ.

4,000 ಗಂಟೆ ಅಂದರೆ 2 ಲಕ್ಷ 40 ಸಾವಿರ ನಿಮಿಷ. ಒಬ್ಬೊಬ್ಬರು ಮೂರು ನಿಮಿಷ ನೋಡಿದರೆ 80 ಸಾವಿರ ವ್ಯೂಸ್ ಬೇಕು, ದಿನಕ್ಕೆ ಸುಮಾರು 220. ಅಕ್ಕನ ವಿಡಿಯೋ ಹಾಗೆ 48 ಸೆಕೆಂಡ್ ನೋಡಿದರೆ 3 ಲಕ್ಷ ವ್ಯೂಸ್ ಬೇಕು. ನೋಡಿದ ಹೊತ್ತು ಯಾಕೆ ಅಷ್ಟು ಮುಖ್ಯ ಅಂತ ಇಲ್ಲೇ ಗೊತ್ತಾಗುತ್ತದೆ.

ಶಾರ್ಟ್ಸ್ ಹಾಕಿದರೆ ಸಾವಿರಾರು ವ್ಯೂಸ್ ಬರುತ್ತದಲ್ಲ ಅಂತ ಬಹಳ ಜನ ಆ ಕಡೆ ಹೋಗುತ್ತಾರೆ. ಆದರೆ ಶಾರ್ಟ್ಸ್ ಫೀಡಿನಲ್ಲಿ ಬೆರಳು ಸರಿಸುತ್ತಾ ನೋಡಿದ ಹೊತ್ತು ಆ 4,000 ಗಂಟೆಗೆ ಸೇರುವುದಿಲ್ಲ. ಜೊತೆಗೆ 2025ರ ಮಾರ್ಚ್ 31ರಿಂದ ಎಣಿಕೆಯೇ ಬದಲಾಗಿದೆ. ಶಾರ್ಟ್ ಓಡಲು ಶುರುವಾದರೆ ಸಾಕು, ಒಂದು ವ್ಯೂ. ಹಣದ ಲೆಕ್ಕಕ್ಕೆ ಮಾತ್ರ ನಿಂತು ನೋಡಿದವರನ್ನೇ ಬೇರೆಯಾಗಿ ಎಣಿಸುತ್ತಾರೆ. ಹಾಗಾಗಿ ಈಗ ಶಾರ್ಟ್ಸ್‌ನ ಸಂಖ್ಯೆ ನೋಡಿ ಹಿಗ್ಗುವ ಮೊದಲು ಆ ಎರಡನೇ ಎಣಿಕೆಯನ್ನೂ ನೋಡಬೇಕು.

ಬಾಗಿಲು ದಾಟಿದ ಮೇಲೂ ಉದ್ದ ವಿಡಿಯೋದ ಜಾಹೀರಾತು ಹಣದಲ್ಲಿ ನೂರಕ್ಕೆ 55 ಮಾಡಿದವರಿಗೆ, ಶಾರ್ಟ್ಸ್‌ನಲ್ಲಿ ಅವರ ಪಾಲಿಗೆ ಬಂದದ್ದರಲ್ಲಿ ನೂರಕ್ಕೆ 45. ಖಾತೆಯಲ್ಲಿ 10 ಡಾಲರ್ ಆದಾಗ ವಿಳಾಸ ಖಚಿತ ಮಾಡಲು ಅಂಚೆಯಲ್ಲಿ ಒಂದು ಪಿನ್ ಬರುತ್ತದೆ. 100 ಡಾಲರ್ ಆಗುವವರೆಗೆ ಬ್ಯಾಂಕಿಗೆ ಹಣ ಬರುವುದಿಲ್ಲ. ವರ್ಷದ ಮನೆ ಬಾಡಿಗೆ ಇದರಲ್ಲಿ ಬರುತ್ತದೆ ಅಂತ ಲೆಕ್ಕ ಹಾಕಿ ಕೆಲಸ ಬಿಡುವವರಿಗೆ ಇದನ್ನು ಮೊದಲೇ ಹೇಳಬೇಕು ಅಂತ ನನಗೆ ತುಂಬಾ ಅನಿಸುತ್ತದೆ.

ಮನಸ್ಸು ಸೋಲುವುದು ಎಲ್ಲಿ?

ಇಲ್ಲಿಯವರೆಗೆ ಯಂತ್ರದ ಮಾತಾಯಿತು. ಈಗ ಮನುಷ್ಯರದು.

ಸ್ಟುಡಿಯೋ ತೆರೆದ ಕೂಡಲೇ ಹೊಸ ವಿಡಿಯೋ ನಿಮ್ಮದೇ ಹಿಂದಿನ ವಿಡಿಯೋಗಳ ಜೊತೆ ಹೋಲಿಸಿದರೆ ಎಷ್ಟನೆಯದು ಅಂತ ಕಾಣಿಸುತ್ತದೆ. ಚಟ್ನಿಪುಡಿಗೆ "10ರಲ್ಲಿ 10" ಅಂತ ಇತ್ತು. ಅಕ್ಕ ಅದನ್ನು ಹತ್ತಕ್ಕೆ ಹತ್ತು ಅಂಕ ಅಂತ ತಿಳಿದು ಮೊದಲ ದಿನ ಖುಷಿಪಟ್ಟಿದ್ದರು. ಹತ್ತರಲ್ಲಿ ಕೊನೆಯದು ಅಂತ ಮಗಳು ಹೇಳಿದ ಮೇಲೆ ಆ ರಾತ್ರಿ ಊಟ ಸೇರಲಿಲ್ಲವಂತೆ. ಯೋಚಿಸಿ ನೋಡಿ, ಹತ್ತು ವಿಡಿಯೋ ಇದ್ದರೆ ಒಂದು ಹತ್ತನೆಯದು ಆಗಲೇಬೇಕು. ಲಕ್ಷ ಸಬ್‌ಸ್ಕ್ರೈಬರ್ ಇರುವವರಿಗೂ ಆ ಹತ್ತನೆಯದು ಇದ್ದೇ ಇದೆ. ಆದರೂ ಹಾಗೆ ಬರೆದು ತೋರಿಸಿದಾಗ ಎದೆಗೆ ತಾಗುತ್ತದೆ.

ಮತ್ತೆ ಮತ್ತೆ ಫೋನ್ ತೆಗೆದು ಸಂಖ್ಯೆ ನೋಡುವ ಚಟಕ್ಕೂ ವಿವರಣೆ ಇದೆ. ಬಿ.ಎಫ್. ಸ್ಕಿನ್ನರ್ ಅನ್ನುವ ಮನೋವಿಜ್ಞಾನಿ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ದರು. ಗುಂಡಿ ಕುಟ್ಟಿದಾಗಲೆಲ್ಲ ಕಾಳು ಬಿದ್ದು, ಆಮೇಲೆ ಒಮ್ಮೆ ನಿಂತುಹೋದರೆ, ಪಾರಿವಾಳ ಬೇಗ ಕುಟ್ಟುವುದನ್ನು ಬಿಡುತ್ತದೆ. ಆದರೆ ಕಾಳು ಒಮ್ಮೆ ಮೂರನೇ ಸಲಕ್ಕೆ, ಒಮ್ಮೆ ಮೂವತ್ತನೇ ಸಲಕ್ಕೆ ಅಂತ ಲೆಕ್ಕವಿಲ್ಲದೆ ಬೀಳುತ್ತಿದ್ದರೆ ಕುಟ್ಟುತ್ತಲೇ ಇರುತ್ತದೆ, ಕಾಳು ನಿಂತ ಮೇಲೂ ಬಹಳ ಹೊತ್ತು. ವ್ಯೂಸ್ ಬರುವ ರೀತಿ ಇದೇ. ಒಂದು ದಿನ ಕಾರಣವಿಲ್ಲದೆ 300, ಆಮೇಲೆ ವಾರಗಟ್ಟಲೆ ಎರಡು ಮೂರು. ಬೆರಳು ನಿಲ್ಲುವುದಿಲ್ಲ. ಇದಕ್ಕೆ ಮನಸ್ಸು ಗಟ್ಟಿಯಿಲ್ಲ ಅಂತ ಯಾರನ್ನೂ ಬೈಯಬಾರದು.

ಇನ್ನೊಂದು ಪ್ರಯೋಗ 1973ರದು, ನನಗೆ ಇದು ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಮೂರರಿಂದ ಐದು ವರ್ಷದ, ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬಿಡಿಸುವುದೆಂದರೆ ತಾವಾಗಿಯೇ ಓಡಿಬರುವ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ "ಚಿತ್ರ ಬಿಡಿಸಿದರೆ ಬಹುಮಾನ ಕೊಡುತ್ತೇವೆ" ಅಂತ ಮೊದಲೇ ಹೇಳಿ ಕೊಟ್ಟರು. ಇನ್ನೊಂದಕ್ಕೆ ಹೇಳದೆ ಕೊನೆಗೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು, ಬಹುಮಾನದ ಮಾತೇ ಇಲ್ಲದೆ, ಪೆನ್ನುಗಳನ್ನು ಸುಮ್ನೆ ಮೇಜಿನ ಮೇಲೆ ಇಟ್ಟು ನೋಡಿದರು. ಬಹುಮಾನ ಸಿಗುತ್ತದೆ ಅಂತ ಮೊದಲೇ ಗೊತ್ತಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧ ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಆಟವಾಗಿದ್ದದ್ದು ಕೂಲಿಯಾಗಿತ್ತು. ಕೂಲಿ ಇಲ್ಲದ ದಿನ ಕೆಲಸವೂ ಇಲ್ಲ.

ಅಕ್ಕ ಮೊದಲ ಹತ್ತು ವಿಡಿಯೋ ಮಾಡಿದ್ದು ಅವರ ಅತ್ತೆ ಮಾಡುತ್ತಿದ್ದ ಅಡುಗೆ ಮರೆತುಹೋಗಬಾರದು ಅಂತ. ಸಾವಿರ ಸಬ್‌ಸ್ಕ್ರೈಬರ್ ಆದರೆ ದುಡ್ಡು ಬರುತ್ತದೆ ಅಂತ ಯಾರೋ ಹೇಳಿದ ಮೇಲೆ ಪ್ರತಿ ವಿಡಿಯೋಗೂ ಎದುರಿಗೆ ಒಂದು ಸಂಖ್ಯೆ ನಿಂತಿತು. ದುಡ್ಡಿನ ಆಸೆ ತಪ್ಪು ಅಂತ ನಾನು ಹೇಳುತ್ತಿಲ್ಲ, ಅಷ್ಟು ದುಡಿಯುವವರಿಗೆ ನಾಲ್ಕು ಕಾಸು ಬರಲೇಬೇಕು. ಆದರೆ ಒಳಗಿದ್ದ ಹುರುಪು ಆ ಸಂಖ್ಯೆಯ ಕೆಳಗೆ ಹೇಗೆ ನಲುಗಿತು ಅಂತ ಈ ಪ್ರಯೋಗ ನೋಡಿದರೆ ತಿಳಿಯುತ್ತದೆ.

ಅಡ್ಡದಾರಿಗಳು

"ನೀವು ನನಗೆ ಸಬ್‌ಸ್ಕ್ರೈಬ್ ಮಾಡಿ, ನಾನು ನಿಮಗೆ ಮಾಡುತ್ತೇನೆ" ಅನ್ನುವ ವಾಟ್ಸ್ಆ್ಯಪ್ ಗುಂಪುಗಳಿವೆ. ದುಡ್ಡಿಗೆ ವ್ಯೂಸ್ ಮಾರುವವರೂ ಇದ್ದಾರೆ. ಎರಡೂ ಯೂಟ್ಯೂಬ್ ನಿಯಮಕ್ಕೆ ವಿರುದ್ಧ, ಚಾನೆಲ್ಲೇ ಹೋಗಬಹುದು. ನಿಯಮ ಬದಿಗಿಟ್ಟರೂ ನಷ್ಟವೇ. ಹಾಗೆ ಬಂದವರಿಗೆ ಚಟ್ನಿಪುಡಿ ಬೇಕಿಲ್ಲ. ಹೊಸ ವಿಡಿಯೋ ಅವರ ಕಣ್ಣಿಗೆ ಬಿದ್ದಾಗ ಅವರು ಒತ್ತುವುದಿಲ್ಲ, ಯಂತ್ರದ ಊಹೆ ಇನ್ನೂ ಕೆಡುತ್ತದೆ.

ಅಕ್ಕ ಏನು ಮಾಡಿದರು

ಒಂದೇ ಒಂದು ಬದಲಾವಣೆ ಮಾಡಿ ನೋಡೋಣ ಅಂತ ಕೂತೆವು. ಮಳೆಗಾಲವಾಗಿತ್ತು, ಎಲ್ಲರ ಮನೆಯಲ್ಲೂ ಮಂಡಕ್ಕಿ ಮೆತ್ತಗಾಗುತ್ತಿತ್ತು. ಮೆತ್ತಗಾದ ಮಂಡಕ್ಕಿಯನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಆಡಿಸಿ, ಆರಿದ ಮೇಲೆ ಡಬ್ಬಿಗೆ ಹಾಕುವುದನ್ನು ಅಕ್ಕ ತೋರಿಸಿದರು. ಒಂದು ನಿಮಿಷ ಐವತ್ತು ಸೆಕೆಂಡ್. ನಮಸ್ಕಾರ ಇಲ್ಲ. ಮೊದಲ ದೃಶ್ಯದಲ್ಲೇ ಮೆತ್ತಗಿನ ಮಂಡಕ್ಕಿಯನ್ನು ಬೆರಳಲ್ಲಿ ಹಿಸುಕಿ ತೋರಿಸಿ, ಕೊನೆಗೆ ಅದೇ ಬೆರಳಲ್ಲಿ ಪುಡಿಮಾಡಿದರು, ಗರಗರ ಸದ್ದು ಚೆನ್ನಾಗಿ ಕೇಳುತ್ತದೆ. ಹೆಸರಿನಲ್ಲಿ ಮಂಡಕ್ಕಿ, ಪುರಿ, ಚುರುಮುರಿ ಮೂರೂ ಇಟ್ಟೆವು.

ಮೊದಲ ವಾರ 19 ವ್ಯೂಸ್. ಚಟ್ನಿಪುಡಿಗಿಂತಲೂ ಕಡಿಮೆ. ಆದರೆ ಆಮೇಲೆ ದಿನಕ್ಕೆ ಎರಡು, ಮೂರು, ಮಳೆ ಜೋರಾದ ವಾರ ಒಂಬತ್ತು, ಹೀಗೆ ನಿಲ್ಲದೆ ಬರುತ್ತಾ ಹೋಯಿತು. ವ್ಯೂಸ್ ಎಲ್ಲಿಂದ ಬಂತು ಅಂತ ತೋರಿಸುವ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇದ್ದದ್ದು ಯೂಟ್ಯೂಬ್ ಸರ್ಚ್. ಯಂತ್ರದ ಊಹೆಗೆ ಕಾಯದೆ, ಬೇಕಾದವರೇ ಹುಡುಕಿಕೊಂಡು ಬಂದಿದ್ದರು. ಈಗ ಅದು 1,140ಕ್ಕೆ ನಿಂತಿದೆ. ದುಡ್ಡಿನ ಬಾಗಿಲಿಗೆ ಇದು ಏನೇನೂ ಅಲ್ಲ, ಸಬ್‌ಸ್ಕ್ರೈಬರ್ ಇನ್ನೂ ಮುನ್ನೂರು ದಾಟಿಲ್ಲ. ಅದರ ಕೆಳಗೆ ಒಬ್ಬರು "ಪುರಿ ಸರಿಹೋಯ್ತು ಅಕ್ಕ" ಅಂತ ಬರೆದಿದ್ದಾರೆ. ಅಕ್ಕ ಅದನ್ನು ಓದಿ, ಯಾವ ಊರಿನವರಿರಬಹುದು ಅಂತ ಎರಡು ದಿನ ನನ್ನನ್ನು ಕೇಳಿದರು.

ಸ್ಟುಡಿಯೋ ಆ್ಯಪನ್ನು ಅಕ್ಕನ ಫೋನಿನಿಂದ ತೆಗೆದು ಮಗಳ ಫೋನಿಗೆ ಹಾಕಿದ್ದೇವೆ. ಅವಳು ಭಾನುವಾರ ಒಂದು ಸಲ ನೋಡಿ ಹೇಳುತ್ತಾಳೆ.

ಮೊನ್ನೆ ಬೆಳಿಗ್ಗೆ ಹತ್ತು ಗಂಟೆಗೆ ಕಾಂಪೌಂಡ್ ಆಚೆಯಿಂದ ಕೂಗಿದರು. "ತಮ್ಮಾ, ಮೈಸೂರು ಕಡೆ ಶೇಂಗಾಕ್ಕೆ ಏನಂತಾರೆ?"

ಕಡಲೆಕಾಯಿ, ಬಿಡಿಸಿದ್ದಾದರೆ ಕಡಲೆಬೀಜ ಅಂದೆ. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಎರಡನ್ನೂ ಬರೆದುಕೊಂಡು, ಬೆಳಕು ಹೋಗುವುದರೊಳಗೆ ಮುಗಿಸಬೇಕು ಅಂತ ಒಳಗೆ ಹೋದರು.